ಕಲ್ಲಿಕೋಟೆಯ ಕಬ್ಬಿಣದ ಧಕ್ಕೆ

ಹರವೆ, ತೆರಕಣಾಂಬಿ ಕಡೆಯ ತರಕಾರಿ, ಬಾಳೆಗೊನೆ ಹೊತ್ತ ಲಾರಿಗಳು ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡು ಹಾದು, ಸುಲ್ತಾನ್ ಬತ್ತೇರಿಯ ಮೇಲೆ ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳನ್ನು ಇಳಿದರೆ ಸಿಗುವುದು ಕಲ್ಲಿಕೋಟೆ. ಗುಂಡ್ಲುಪೇಟೆಯಿಂದ ಸುಮಾರು 150 ಕಿಲೋಮೀಟರ್. ಹಾಗಾಗಿ ಬಯಲುನಾಡಿನ ಈ ಸೀಮೆಗೆ ಹತ್ತಿರದ ಕಡಲು ಮಂಗಳೂರಿನದಲ್ಲ, ಕಲ್ಲಿಕೋಟೆಯದು. ಅಲ್ಲಿಗೆ ಪ್ರವಾಸ ಹೋದವರು ಮರಳ ದಂಡೆಯಿಂದ ನೀರಿನೊಳಕ್ಕೆ ಸಾಲಾಗಿ ನಿಂತ ತುಕ್ಕು ಹಿಡಿದ ಕಂಬಗಳನ್ನು ನೋಡಿರುತ್ತಾರೆ. ಊರವರು ಅದನ್ನು 'ಕಡಲ್ ಪಾಲಂ' ಎನ್ನುತ್ತಾರೆ. ಆದರೆ ಅದು ಯಾವ ದಡದಿಂದ ಯಾವ ದಡಕ್ಕೂ ಹೋಗುವ ಸೇತುವೆಯಲ್ಲ. ಹಡಗಿನ ಸರಕಿಗಾಗಿ ಕಟ್ಟಿದ ಧಕ್ಕೆ. (ಧಕ್ಕೆ ಎಂದರೆ ಬಯಲುಸೀಮೆಯವರಿಗೆ ಪೆಟ್ಟು, ಹಾನಿ. ಮಂಗಳೂರಿನವರಿಗೆ ದೋಣಿ ಬಂದು ನಿಲ್ಲುವ ಕಟ್ಟೆ.)

ಕರ್ನಾಟಕದ ಕರಾವಳಿಯಲ್ಲಿ ಇಂಥ ಉದ್ದನೆಯ ಧಕ್ಕೆ ಹೆಚ್ಚಾಗಿ ಬೇಕಾಗಲಿಲ್ಲ. ಮಂಗಳೂರಿನ ಹಳೆಯ ಬಂದರಿಗೆ ನೇತ್ರಾವತಿ–ಗುರುಪುರ ನದಿಗಳ ಅಳಿವೆಯಿದೆ, ಹೊನ್ನಾವರಕ್ಕೆ ಶರಾವತಿಯದು, ತದಡಿಗೆ ಅಘನಾಶಿನಿಯದು. ದೋಣಿಗಳು ಅಲೆಯ ಹೊಡೆತ ತಪ್ಪಿಸಿಕೊಂಡು ಒಳಗೆ ಬರುತ್ತಿದ್ದವು. ಕಲ್ಲಿಕೋಟೆಯದು ಬಟಾಬಯಲು ದಂಡೆ. ನೀರು ಬಹುದೂರದವರೆಗೆ ಆಳವೇ ಇಲ್ಲ. ಉಗಿಹಡಗುಗಳು ಎರಡು ಮೂರು ಮೈಲಿ ಆಚೆ ಲಂಗರು ಹಾಕುತ್ತಿದ್ದವು. ವಯನಾಡಿನಿಂದ ಗಾಡಿಗಳಲ್ಲಿ ಘಟ್ಟ ಇಳಿದ ಕಾಫಿ ಮತ್ತು ಮೆಣಸು, ಮಲಬಾರಿನ ಕೊಬ್ಬರಿ, ಶುಂಠಿ ಎಲ್ಲವನ್ನೂ ದೋಣಿಗಳಿಗೆ ತುಂಬಿ ಹಡಗಿಗೆ ಮುಟ್ಟಿಸಬೇಕಿತ್ತು. ಮುರಿಯುವ ಅಲೆಗಳ ನಡುವೆ, ಎದೆಮಟ್ಟದ ನೀರಿನಲ್ಲಿ ಮೂಟೆ ಹೊತ್ತು ದೋಣಿಗೇರಿಸುವುದು ಆಳುಗಳಿಗೆ ಪ್ರಾಣಸಂಕಟ, ವ್ಯಾಪಾರಿಗಳಿಗೆ ಸರಕು ನೆನೆಯುವ ಭಯ.

ಅಲೆ ಮುರಿಯುವ ಜಾಗವನ್ನು ದಾಟಿ ಆಚೆಗೆ ಒಂದು ಅಟ್ಟಣೆ ಕಟ್ಟುವುದೇ ಇದಕ್ಕೆ ಉಪಾಯ. ಕಲ್ಲಿನ ಗೋಡೆ ಕಟ್ಟಿದರೆ ಅಲೆ ಬಡಿಯುತ್ತದೆ, ಮರಳು ಕೂಡುತ್ತದೆ. ಮರದ ಕಂಬವನ್ನು ಕಡಲ ಹುಳು ತಿನ್ನುತ್ತದೆ. ದಾರಿ ತೋರಿಸಿದವನು ಬೆಲ್‌ಫಾಸ್ಟಿನ ಅಲೆಕ್ಸಾಂಡರ್ ಮಿಚೆಲ್ ಎಂಬ ಎಂಜಿನಿಯರ್. ಎರಡೂ ಕಣ್ಣು ಕಾಣದ ಈತ 1833ರಲ್ಲಿ ಪೇಟೆಂಟ್ ಪಡೆದದ್ದು ತಿರುಪುಗಂಬಕ್ಕೆ. ಕಬ್ಬಿಣದ ಕಂಬದ ಬುಡದಲ್ಲಿ ಅಗಲವಾದ ತಿರುಪಿನ ಎಲೆ. ಮೇಲೆ ಅಡ್ಡಗೋಲು ಕಟ್ಟಿ ಆಳುಗಳು ಗಾಣದಂತೆ ಸುತ್ತಿದರೆ ಕಂಬ ತಾನೇ ಮರಳಿಗೆ ಇಳಿಯುತ್ತದೆ. ಅಗಲದ ಎಲೆ ಭಾರ ಹೊರುತ್ತದೆ, ಅಲೆ ಕಂಬಗಳ ನಡುವೆ ನುಸುಳಿಹೋಗುತ್ತದೆ. ಮದರಾಸಿನಲ್ಲಿ 1861ರಲ್ಲೇ ಇಂಥದೊಂದು ಎದ್ದಿತ್ತು. ಕಲ್ಲಿಕೋಟೆಯದು 1871ರದು. ಉದ್ದ ಸುಮಾರು 400 ಅಡಿ, ಮೇಲೆ ಸರಕು ಇಳಿಸುವ ಕ್ರೇನುಗಳು, ದಂಡೆಯುದ್ದಕ್ಕೂ ಗೋದಾಮುಗಳು. ಆದರೂ ಮುಂಗಾರಿನ ತಿಂಗಳುಗಳಲ್ಲಿ ಕೆಲಸ ನಿಲ್ಲುತ್ತಿತ್ತು. ಆ ಕಡಲಿಗೆ ಯಾವ ತಿರುಪೂ ಸಾಲದು.

ಧಕ್ಕೆಯನ್ನು ಸೋಲಿಸಿದ್ದು ಮಾತ್ರ ಕಡಲಲ್ಲ, ಬೇರೊಂದು ಬಂದರು. 1888ರಲ್ಲಿ ರೈಲು ಕಲ್ಲಿಕೋಟೆಗೆ ಬಂತು. ರಾಬರ್ಟ್ ಬ್ರಿಸ್ಟೋ ಕೊಚ್ಚಿಯ ಅಳಿವೆಯ ದಿಬ್ಬ ಕಡಿಸಿದ ಮೇಲೆ, 1928ರಿಂದ ದೊಡ್ಡ ಹಡಗುಗಳೇ ಒಳಗೆ ಬರತೊಡಗಿದವು. ಮಳೆಗಾಲದಲ್ಲೂ ತೆರೆದಿರುವ ಬಂದರು ಸಿಕ್ಕ ಮೇಲೆ ಮೈಲಿಗಟ್ಟಲೆ ದೋಣಿಯಲ್ಲಿ ಸರಕು ಸಾಗಿಸುವವರು ಯಾರು? ವ್ಯಾಪಾರ ನಿಧಾನವಾಗಿ ಜಾರಿತು. ಗೋದಾಮುಗಳು ಬಾಗಿಲು ಹಾಕಿದವು.

ಅನಂತರ ಧಕ್ಕೆ ಸಂಜೆ ಗಾಳಿಗೆ ಬರುವವರ ಪಾಲಾಯಿತು. ಕಲ್ಲಿಕೋಟೆ ದಂಡೆಯಲ್ಲಿ ಇಂಥವು ಎರಡಿದ್ದವು. 2019ರ ಅಕ್ಟೋಬರ್‌ನಲ್ಲಿ ಅವುಗಳಲ್ಲೊಂದರ ಕಾಂಕ್ರೀಟ್ ಹಲಗೆ ಕುಸಿದು ಹದಿಮೂರು ಜನ ಗಾಯಗೊಂಡರು. ಪುದುಚೇರಿಯ ಹಳೆಯ ಧಕ್ಕೆ 2022ರ ಮಾರ್ಚ್‌ನಲ್ಲಿ ಕುಸಿಯಿತು. ತಿರುವನಂತಪುರದ ವಲಿಯತುರೆಯದು 2024ರಲ್ಲಿ ಎರಡು ತುಂಡಾಯಿತು. ಉಪ್ಪುನೀರಿನ ಕಬ್ಬಿಣ ಉಳಿಸಬೇಕೆಂದರೆ ಕಂಬವನ್ನೇ ಬದಲಿಸಬೇಕು. ಬದಲಿಸಿದರೆ ಅದು ಹಳೆಯ ಧಕ್ಕೆಯಲ್ಲ. ಹಾಗೇ ಬಿಟ್ಟರೆ ಮೇಲೇರುವ ಹುಡುಗರ ಜೀವಕ್ಕೆ ಕುತ್ತು. ಘಟ್ಟ ಇಳಿದ ತರಕಾರಿ ಲಾರಿಗಳಂತೂ ಪೇಟೆಯಲ್ಲೇ ಸರಕು ಇಳಿಸಿ ಹಿಂತಿರುಗುತ್ತವೆ. ಕಡಲ ತನಕ ಹೋಗುವ ಕೆಲಸ ಅವಕ್ಕಿಲ್ಲ.