ಶಿಕ್ಷಕರ ವೇತನ ಶ್ರೇಣಿ: ನ್ಯಾಯವೂ ಲೆಕ್ಕವೂ ಕೂಡಿಬರಬೇಕು

ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಗೂಡಿನ ಬೆಲೆ ದಿನದಿನವೂ ಹರಾಜಿನಲ್ಲಿ ನಿರ್ಧಾರವಾಗುತ್ತದೆ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕಾಯಿತೆಂಬ ರೆಂಡಿಟ್ಟಾ ಲೆಕ್ಕ ಹಾಕಿದೊಡನೆ ಸರಕಿನ ಯೋಗ್ಯತೆ ಬಿಚ್ಚಣಿಗೆದಾರನಿಗೆ ತಿಳಿದುಹೋಗುತ್ತದೆ. ಶಿಕ್ಷಕರ ದುಡಿಮೆ ಈ ಬಗೆಯದಲ್ಲ. ಒಂದನೆಯ ತರಗತಿಯಲ್ಲಿ ಅಕ್ಷರ ತಿದ್ದಿಸಿದವರ ಶ್ರಮದ ಫಲ ಹತ್ತು ವರ್ಷಗಳ ನಂತರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ, ಅದೂ ಬೇರೊಬ್ಬರ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದಲೇ ಶಿಕ್ಷಕರ ಸಂಬಳವನ್ನು ಹರಾಜಿನಂತೆ ನಿಗದಿಪಡಿಸಲಾಗದು. ಅದಕ್ಕೊಂದು ಶ್ರೇಣಿ ಬೇಕು.

ಇದು ಕೇವಲ ಶಿಕ್ಷಣ ಇಲಾಖೆಯ ಚಿಂತೆಯಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಂತಹ ಪಟ್ಟಣಗಳಲ್ಲಿ ವರ್ತಕರೂ ಸಣ್ಣ ಉದ್ದಿಮೆದಾರರೂ ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳಲ್ಲಿ ಇರುವುದು ಅಪರೂಪವಲ್ಲ. ಅಂಗಡಿಯ ಗುಮಾಸ್ತರನ್ನೂ ಕಾರ್ಖಾನೆಯ ಮೇಲ್ವಿಚಾರಕರನ್ನೂ ರೂಪಿಸುವುದು ಇವೇ ಶಾಲೆಗಳು.

ಒಂದೇ ಕೆಲಸ, ಮೂರು ಬಗೆಯ ಸಂಬಳ

ಕೋಲಾರದಿಂದ ಬೇರ್ಪಟ್ಟು 2007ರಲ್ಲಿ ರಚನೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿಯೂ, ರಾಜ್ಯದ ಇತರೆಡೆಗಳಂತೆ, ಒಂದೇ ಪಾಠಕ್ಕೆ ಮೂರು ಬಗೆಯ ಸಂಬಳವಿದೆ. ಮೊದಲನೆಯದು ಸರ್ಕಾರಿ ಶ್ರೇಣಿ. ಕೆ. ಸುಧಾಕರ ರಾವ್ ಅಧ್ಯಕ್ಷತೆಯ 7ನೇ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಪರಿಷ್ಕೃತ ವೇತನ ಜಾರಿಗೆ ಬಂದಿತು. ರಾಜ್ಯ ನೌಕರರ ಕನಿಷ್ಠ ಮೂಲ ವೇತನ 17,000 ರೂಪಾಯಿಯಿಂದ 27,000 ರೂಪಾಯಿಗೆ ಏರಿತು. ಪ್ರಾಥಮಿಕ ಶಾಲಾ ಶಿಕ್ಷಕರ ಶ್ರೇಣಿ 25,800–51,400 ಇದ್ದುದು 41,300–81,800 ಆಯಿತು.

ಎರಡನೆಯದು ಖಾಲಿ ಹುದ್ದೆಗಳಲ್ಲಿ ದುಡಿಯುವ ಅತಿಥಿ ಶಿಕ್ಷಕರ ಗೌರವಧನ. 2025-26ರ ಆಯವ್ಯಯದಲ್ಲಿ 2,000 ರೂಪಾಯಿ ಹೆಚ್ಚಳವಾದ ನಂತರ ಅದು ಪ್ರಾಥಮಿಕ ಶಾಲೆಯಲ್ಲಿ 12,000 ರೂಪಾಯಿ, ಪ್ರೌಢಶಾಲೆಯಲ್ಲಿ 12,500 ರೂಪಾಯಿ ಆಯಿತು. ಇದು ಕಾಯಂ ಶಿಕ್ಷಕರ ಆರಂಭಿಕ ಮೂಲ ವೇತನದ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಮೂರನೆಯದು ಅನುದಾನರಹಿತ ಖಾಸಗಿ ಶಾಲೆಗಳ ಸಂಬಳ. ಅನೇಕ ಕಡೆ ಅದಕ್ಕೆ ಲಿಖಿತ ಶ್ರೇಣಿಯೇ ಇರುವುದಿಲ್ಲ. ಸೇರುವ ದಿನ ನಡೆದ ಮಾತುಕತೆಯೇ ಶ್ರೇಣಿ. ಹತ್ತು ವರ್ಷ ದುಡಿದವರಿಗಿಂತ ಹೊಸದಾಗಿ ಬಂದವರು ಹೆಚ್ಚು ಪಡೆದರೆ ಹಳಬರ ಮನಸ್ಸು ಮುರಿಯುವುದು ಸಹಜ.

ಸ್ಥಳದ ಪ್ರಶ್ನೆ

ಸರ್ಕಾರಿ ಶ್ರೇಣಿಯೂ ಎಲ್ಲ ಪ್ರಶ್ನೆಗಳಿಗೆ ಉತ್ತರ ನೀಡುವುದಿಲ್ಲ. ಮನೆ ಬಾಡಿಗೆ ಭತ್ಯೆ ಊರಿನ ಜನಸಂಖ್ಯೆಯನ್ನು ಅವಲಂಬಿಸಿದೆ. 2024ರ ಪರಿಷ್ಕರಣೆಯಂತೆ ಬೆಂಗಳೂರಿನಲ್ಲಿ ಅದು ಮೂಲ ವೇತನದ ಶೇಕಡ 20. ಜಿಲ್ಲೆಯ ಎಲ್ಲ ಊರುಗಳಲ್ಲಿ ಶೇಕಡ 7.5. ಅಂದರೆ 41,300 ರೂಪಾಯಿ ಮೂಲ ವೇತನಕ್ಕೆ ಬೆಂಗಳೂರಿನಲ್ಲಿ 8,260 ರೂಪಾಯಿ ದೊರೆತರೆ ಇಲ್ಲಿ ಸುಮಾರು 3,100 ರೂಪಾಯಿ. ನಗರದಲ್ಲಿ ಬಾಡಿಗೆ ಹೆಚ್ಚೆಂಬುದು ನಿಜ. ಆದರೆ ಬಸ್ಸು ವಿರಳವಾದ ಗಡಿ ಹಳ್ಳಿಗೆ ಪ್ರತಿದಿನ ಹೋಗಿಬರುವ, ಮನೆಯಲ್ಲಿ ತೆಲುಗು ಆಡುವ ಮಕ್ಕಳಿಗೆ ಕನ್ನಡದಲ್ಲಿ ಪಾಠ ಹೇಳುವ ಶಿಕ್ಷಕರ ಕಷ್ಟಕ್ಕೆ ಬಾಡಿಗೆ ಭತ್ಯೆಯಲ್ಲಿ ಸ್ಥಾನವಿಲ್ಲ. ರಾಜ್ಯದ ಶಿಕ್ಷಕರ ವರ್ಗಾವಣೆ ಕಾಯಿದೆ ಶಾಲೆಗಳನ್ನು ಎ, ಬಿ, ಸಿ ವಲಯಗಳಾಗಿ ವಿಂಗಡಿಸಿ ದೂರದ ಸ್ಥಳದ ಕಷ್ಟವನ್ನು ಗುರುತಿಸಿದೆ. ಅದೇ ವಿಂಗಡಣೆಯನ್ನು ಭತ್ಯೆಗೂ ಆಧಾರವಾಗಿಸಿದರೆ ಶಿಕ್ಷಕರು ಹಳ್ಳಿಯಲ್ಲಿ ನೆಲೆ ನಿಲ್ಲಲು ಒಂದು ಕಾರಣ ದೊರೆಯುತ್ತದೆ.

ಫಲಿತಾಂಶಕ್ಕೆ ತಕ್ಕ ಸಂಬಳವೇ?

ವ್ಯಾಪಾರಸ್ಥರಿಗೆ ಸಹಜವಾಗಿ ತೋರುವ ಉಪಾಯವೆಂದರೆ ಫಲಿತಾಂಶಕ್ಕೆ ತಕ್ಕ ಸಂಬಳ. ಇಂಗ್ಲೆಂಡಿನಲ್ಲಿ 1862ರಿಂದ ಮಕ್ಕಳ ಪರೀಕ್ಷೆಯ ಫಲವನ್ನು ನೋಡಿ ಶಾಲೆಗೆ ಹಣ ಕೊಡುವ ಪದ್ಧತಿಯಿತ್ತು. ಪಾಠವೆಲ್ಲ ಪರೀಕ್ಷೆಯ ಬಾಯಿಪಾಠಕ್ಕೆ ಕುಗ್ಗಿತೆಂಬ ಟೀಕೆಯ ನಡುವೆ ಶತಮಾನದ ಕೊನೆಯ ವೇಳೆಗೆ ಅದನ್ನು ಕೈಬಿಡಲಾಯಿತು. ನೆರೆಯ ಆಂಧ್ರಪ್ರದೇಶದಲ್ಲಿ 2005ರಿಂದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ನಡೆಸಿದ ಪ್ರಯೋಗ ಇನ್ನೊಂದು ಮುಖವನ್ನು ತೋರಿಸುತ್ತದೆ. ಅಲ್ಲಿ ವಾರ್ಷಿಕ ಸಂಬಳದ ಸರಾಸರಿ ಶೇಕಡ 3ರಷ್ಟು ಬೋನಸ್ಸನ್ನು ಮಕ್ಕಳ ಪ್ರಗತಿಗೆ ಜೋಡಿಸಿದಾಗ, ಎರಡು ವರ್ಷಗಳಲ್ಲಿ ಗಣಿತ ಮತ್ತು ಭಾಷೆಗಳೆರಡರಲ್ಲಿಯೂ ಕಲಿಕೆ ಉತ್ತಮಗೊಂಡಿತು. ಇಂಡೋನೇಷ್ಯಾದಲ್ಲಿ ಅರ್ಹತಾಪತ್ರ ಪಡೆದ ಶಿಕ್ಷಕರ ಮೂಲ ವೇತನವನ್ನು ಯಾವ ಷರತ್ತೂ ಇಲ್ಲದೆ ಇಮ್ಮಡಿಗೊಳಿಸಲಾಯಿತು. ಶಿಕ್ಷಕರ ತೃಪ್ತಿ ಹೆಚ್ಚಿತು, ಆದರೆ ಮಕ್ಕಳ ಕಲಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದು 2018ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು.

ಅಮೆರಿಕದ ಡೆನ್ವರ್ ನಗರದ ಅನುಭವವೂ ಗಮನಾರ್ಹ. ಅಲ್ಲಿ ಬಗೆಬಗೆಯ ಬೋನಸ್ಸುಗಳ ವ್ಯವಸ್ಥೆಗೆ 2005ರಲ್ಲಿ ಮತದಾರರು ತೆರಿಗೆ ನೀಡಲು ಒಪ್ಪಿದರು. ಆದರೆ ಮುಂದಿನ ವರ್ಷದ ಸಂಬಳ ಎಷ್ಟೆಂದು ಊಹಿಸಲಾಗದೆ ಬೇಸತ್ತ ಶಿಕ್ಷಕರು 2019ರ ಫೆಬ್ರವರಿಯಲ್ಲಿ ಮುಷ್ಕರ ಹೂಡಿದರು. ಮೂಲ ವೇತನ ಸ್ಥಿರವಾಗಿರಬೇಕು, ಪ್ರೋತ್ಸಾಹಧನ ಚಿಕ್ಕದಾಗಿರಬೇಕು, ಅದನ್ನು ಮಗುವಿನ ಅಂಕದಿಂದಲ್ಲ, ಮಗು ಸಾಧಿಸಿದ ಪ್ರಗತಿಯಿಂದ ಅಳೆಯಬೇಕು ಎಂಬುದು ಇವುಗಳಿಂದ ಹೊರಡುವ ತಾತ್ಪರ್ಯ.

ಲೆಕ್ಕಕ್ಕೆ ನಿಲ್ಲುವ ಶ್ರೇಣಿ

ಉದಾಹರಣೆಗೆ 300 ಮಕ್ಕಳು, 15 ಶಿಕ್ಷಕರಿರುವ ಒಂದು ಕಲ್ಪಿತ ಶಾಲೆಯನ್ನು ತೆಗೆದುಕೊಳ್ಳಬಹುದು. ವಾರ್ಷಿಕ ಶುಲ್ಕ 18,000 ರೂಪಾಯಿ; ಒಟ್ಟು ಆದಾಯ 54 ಲಕ್ಷ. ಅದರಲ್ಲಿ ಶೇಕಡ 60ನ್ನು ಬೋಧಕರಿಗೆ ಮೀಸಲಿಟ್ಟರೆ ತಿಂಗಳಿಗೆ 2.70 ಲಕ್ಷ ರೂಪಾಯಿ. ಭವಿಷ್ಯನಿಧಿಗೆ ಆಡಳಿತ ಮಂಡಳಿಯ ಪಾಲು ಮತ್ತು ಉಪದಾನದ ಮೀಸಲು ಸೇರಿ ಸಂಬಳದ ಮೇಲೆ ಸುಮಾರು ಶೇಕಡ 18 ಹೆಚ್ಚುವರಿ ವೆಚ್ಚವೆಂದು ಹಿಡಿಯಬೇಕು. ಐವರಿಗೆ 13,000, ಐವರಿಗೆ 15,000, ಹತ್ತು ವರ್ಷ ಪೂರೈಸಿದ ಐವರಿಗೆ 17,500 ರೂಪಾಯಿ ನೀಡಿದರೆ ತಿಂಗಳ ಸಂಬಳ 2,27,500. ಹೆಚ್ಚುವರಿ ವೆಚ್ಚ ಸೇರಿ ಸುಮಾರು 2,68,500 ರೂಪಾಯಿ. ಮೀಸಲಿಟ್ಟ ಹಣದೊಳಗೆ ಲೆಕ್ಕ ಮುಗಿಯುತ್ತದೆ. ವರ್ಷಕ್ಕೆ ಶೇಕಡ 3ರ ಬಡ್ತಿಯಿಂದ 13,000 ರೂಪಾಯಿ ಹತ್ತು ವರ್ಷಗಳಲ್ಲಿ ಸರಿಸುಮಾರು 17,500 ಆಗುತ್ತದೆ.

ಈ ಸಂಬಳ ಹೆಚ್ಚೇನಲ್ಲ, ಬೆಲೆಯೇರಿಕೆಗೆ ಇದು ಸಾಲದು. ಪ್ರತಿ ಶಿಕ್ಷಕರಿಗೆ ಇನ್ನೂ 2,000 ರೂಪಾಯಿ ನೀಡಬೇಕಾದರೆ ತಿಂಗಳಿಗೆ 35,400 ರೂಪಾಯಿ ಬೇಕು. ಅದು ಮಗುವೊಂದಕ್ಕೆ ತಿಂಗಳಿಗೆ 118 ರೂಪಾಯಿ. ಈ ಅಂಕಿಯನ್ನು ಪೋಷಕರ ಸಭೆಯಲ್ಲಿ ಬಿಚ್ಚಿಟ್ಟು ಕೇಳುವುದು ಲೆಕ್ಕ ತೋರಿಸದೆ ಶುಲ್ಕ ಏರಿಸುವುದಕ್ಕಿಂತ ಮರ್ಯಾದೆಯ ದಾರಿ.

ಉಪದಾನವನ್ನು ದಾನವೆಂದು ಭಾವಿಸುವಂತಿಲ್ಲ. ಖಾಸಗಿ ಶಾಲಾ ಶಿಕ್ಷಕರನ್ನೂ ಉಪದಾನದ ವ್ಯಾಪ್ತಿಗೆ ತಂದ 2009ರ ತಿದ್ದುಪಡಿ 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತಹುದು. ಸರ್ವೋಚ್ಚ ನ್ಯಾಯಾಲಯ ಅದನ್ನು 2022ರ ಆಗಸ್ಟ್ 29ರಂದು ಎತ್ತಿಹಿಡಿಯಿತು. ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸಂಬಳದಂತೆ ಈಗಿನಿಂದಲೇ ಮೀಸಲಿಡದ ಸಂಸ್ಥೆಗೆ ಹಿರಿಯ ಶಿಕ್ಷಕರು ನಿವೃತ್ತರಾಗುವ ವರ್ಷ ಒಮ್ಮೆಲೇ ಹೊರೆ ಬೀಳುತ್ತದೆ. ಹಾಗೆಯೇ ಹತ್ತು ತಿಂಗಳು ಸಂಬಳ ಕೊಟ್ಟು ಬೇಸಿಗೆಯ ಎರಡು ತಿಂಗಳು ಕೈಬಿಡುವ ಪರಿಪಾಠವೂ ಉಳಿತಾಯವಲ್ಲ. ಆ ಎರಡು ತಿಂಗಳಲ್ಲೇ ಒಳ್ಳೆಯ ಶಿಕ್ಷಕರು ಬೇರೆ ಶಾಲೆಯನ್ನೋ, 2008ರ ನಂತರ ದೇವನಹಳ್ಳಿಯ ವಿಮಾನ ನಿಲ್ದಾಣದ ಸುತ್ತ ಹುಟ್ಟಿಕೊಂಡ ಬೇರೆ ಉದ್ಯೋಗವನ್ನೋ ಹುಡುಕಿಕೊಳ್ಳುತ್ತಾರೆ.

ಮುಂದಿನ ಹೆಜ್ಜೆ

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿದ ಎಚ್. ನರಸಿಂಹಯ್ಯನವರು ಓದಿಗಾಗಿ 1935ರಲ್ಲಿ ಬೆಂಗಳೂರಿನವರೆಗೆ ನಡೆದೇ ಹೋದರು. ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾದ ಅವರು ನ್ಯಾಷನಲ್ ಕಾಲೇಜನ್ನು ಗೌರಿಬಿದನೂರು, ಬಾಗೇಪಲ್ಲಿಗಳವರೆಗೆ ತಂದುದು ತಮ್ಮ ಸೀಮೆಯ ಮಕ್ಕಳು ಓದಿಗಾಗಿ ಊರು ಬಿಡಬಾರದೆಂಬ ಕಾಳಜಿಯಿಂದ. ಶಾಲೆ ಹತ್ತಿರ ಬಂದ ಮೇಲೆ ಶಿಕ್ಷಕರು ದೂರ ಹೋಗದಂತೆ ನೋಡಿಕೊಳ್ಳುವ ಹೊಣೆ ಈಗಿನ ಆಡಳಿತ ಮಂಡಳಿಗಳದು.

ಆರಂಭಿಕ ಸಂಬಳ, ವಾರ್ಷಿಕ ಬಡ್ತಿ, ವಿದ್ಯಾರ್ಹತೆಗೆ ನೀಡುವ ಹೆಚ್ಚಳ, ದೂರದ ಸ್ಥಳದ ಭತ್ಯೆ, ಭವಿಷ್ಯನಿಧಿ, ಉಪದಾನ ಇವಿಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದು ಶಿಕ್ಷಕರ ಕೊಠಡಿಯಲ್ಲಿ ತೂಗುಹಾಕಲು ದೊಡ್ಡ ಬಂಡವಾಳ ಬೇಡ. ದಾಸ್ತಾನಿಗೂ ಸಾಲಕ್ಕೂ ಪುಸ್ತಕ ಇಡುವ ವರ್ತಕರಿಗೆ ಈ ಹಾಳೆ ಬರೆಯುವುದು ಹೊಸ ವಿದ್ಯೆಯೇನಲ್ಲ. ಮುಂದಿನ ಜೂನ್ ತಿಂಗಳಿನಲ್ಲಿ ಶಾಲೆ ತೆರೆಯುವ ಮುನ್ನ ಆ ಕೆಲಸ ಮುಗಿದರೆ ಶಿಕ್ಷಕರಿಗೂ ಮಕ್ಕಳಿಗೂ, ಕಡೆಗೆ ಊರಿನ ವ್ಯಾಪಾರಕ್ಕೂ ಒಳಿತು.