ಕಲಬೆರಕೆ ಸೇಂದಿ ಬಿಟ್ಟಾಗ ಕೈಕಾಲು ನಡುಗುವುದೇಕೆ?

2015ರ ಸೆಪ್ಟೆಂಬರಿನಲ್ಲಿ ತೆಲಂಗಾಣದ ಅಬಕಾರಿ ಇಲಾಖೆಯು ಕಲಬೆರಕೆ ಸೇಂದಿಯ ಮೇಲೆ ಬಿಗಿ ಕ್ರಮ ಕೈಗೊಂಡಾಗ, ಕುಡಿದು ಅಸ್ವಸ್ಥರಾದವರಿಗಿಂತ ಕುಡಿಯಲು ಸಿಗದೆ ಅಸ್ವಸ್ಥರಾದವರಿಂದ ಆಸ್ಪತ್ರೆಗಳು ತುಂಬಿದವು. ಮಹಬೂಬನಗರ, ನಿಜಾಮಾಬಾದ್ ಜಿಲ್ಲೆಗಳಲ್ಲಿಯೂ ಹೈದರಾಬಾದಿನ ಎರ್ರಗಡ್ಡದ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿಯೂ ನಡುಕ, ಭ್ರಮೆ, ಫಿಟ್ಸ್‌ಗಳಿಂದ ಬಳಲುವವರ ಸಾಲು ಕಂಡಿತು. ಇಂದಿನ ನಾರಾಯಣಪೇಟೆ ಜಿಲ್ಲೆ ಆಗ ಮಹಬೂಬನಗರದ ಭಾಗವೇ ಆಗಿತ್ತು. ಆದ್ದರಿಂದ ಕೃಷ್ಣಾ, ಮಕ್ತಲ್ ಸುತ್ತಲಿನ ಕನ್ನಡ ಮನೆಗಳಿಗೆ ಇದು ದೂರದ ಸುದ್ದಿಯಲ್ಲ. ನದಿಯಾಚೆಯ ರಾಯಚೂರಿಗೂ ಅಲ್ಲ.

ಮರದಿಂದ ಇಳಿಸಿದ ಸೇಂದಿ ಬೇರೆ, ಅಂಗಡಿಯ ಕಲಬೆರಕೆ ಸೇಂದಿ ಬೇರೆ. ಎರಡನೆಯದರಲ್ಲಿ ಮರದ ರಸಕ್ಕಿಂತ ನೀರು, ಸ್ಯಾಕರಿನ್ ಮತ್ತು ಅಮಲಿನ ಪುಡಿಗಳೇ ಹೆಚ್ಚು. ಜನರು ‘ಸಿಎಚ್ ಪೌಡರ್’ ಎನ್ನುವುದು ಕ್ಲೋರಲ್ ಹೈಡ್ರೇಟ್. ಇದರೊಡನೆ ಆಲ್‌ಪ್ರಜೋಲಮ್, ಡಯಾಜೆಪಾಮ್‌ಗಳನ್ನೂ ಬೆರೆಸುತ್ತಾರೆ. ಇವು ವೈದ್ಯರು ಆತಂಕಕ್ಕೂ ನಿದ್ರೆಗೂ ಅಳೆದು ಕೊಡುವ ಔಷಧಗಳು. ಸೇಂದಿಯಲ್ಲಿ ಅಳತೆಯೇ ಇಲ್ಲ.

ನಮ್ಮ ಮೆದುಳಿನಲ್ಲಿ ನರಗಳ ಓಟಕ್ಕೆ ತಡೆಯೊಡ್ಡುವ ‘ಗಾಬಾ’ ಎಂಬ ರಾಸಾಯನಿಕವಿದೆ. ಈ ಪುಡಿಗಳು ಆ ತಡೆಯನ್ನು ಬಲಪಡಿಸುತ್ತವೆ. ತಿಂಗಳುಗಟ್ಟಲೆ ಹೊರಗಿನ ನೆರವು ದೊರೆತಾಗ ಮೆದುಳು ತನ್ನದೇ ತಡೆಯನ್ನು ಸಡಿಲಿಸಿಕೊಳ್ಳುತ್ತದೆ. ಒಮ್ಮೆಲೇ ಪುಡಿ ನಿಂತರೆ ಇಳಿಜಾರಿನಲ್ಲಿ ಹಗ್ಗ ಹರಿದ ಬಂಡಿಯಂತೆ ನರಗಳು ಓಡತೊಡಗುತ್ತವೆ. ಕೈನಡುಕ, ಬೆರಳು ತುಟಿಗಳಲ್ಲಿ ಜೋಮು, ಚರ್ಮದಡಿ ಇರುವೆ ಹರಿದಂತಾಗುವುದು, ಸ್ನಾಯು ಅದುರುವುದು, ಬೆಳಕು ಸದ್ದುಗಳನ್ನು ತಾಳಲಾಗದಿರುವುದು, ನಿದ್ರೆ ಬಾರದಿರುವುದು, ಇವೆಲ್ಲ ಅದರ ಫಲ. ಆಲ್‌ಪ್ರಜೋಲಮ್ ನಿಂತರೆ ಒಂದೆರಡು ದಿನಗಳಲ್ಲೇ ಇವು ತೋರುತ್ತವೆ. ಡಯಾಜೆಪಾಮ್ ದೇಹದಲ್ಲಿ ಹೆಚ್ಚು ಕಾಲ ಉಳಿಯುವುದರಿಂದ ವಾರದವರೆಗೆ ತಡವಾಗಬಹುದು. ಇದನ್ನು ನಾಟಕವೆಂದೋ ಗಾಳಿ ಸೋಂಕಿತೆಂದೋ ಭಾವಿಸಿ ಕೋಣೆಯಲ್ಲಿ ಕೂಡಿಹಾಕುವುದು ಅಪಾಯಕಾರಿ. ಫಿಟ್ಸ್‌ನಿಂದ ಪ್ರಾಣವೇ ಹೋಗಬಹುದು.

ಹಾಗಾದರೆ ಬಿಡುವುದು ಹೇಗೆ? ಹಟ ಹಿಡಿದು ಒಂದೇ ದಿನಕ್ಕೆ ಬಿಡುವುದನ್ನು ನಮ್ಮಲ್ಲಿ ಶೌರ್ಯವೆಂದು ಹೊಗಳುತ್ತಾರೆ. ಈ ವಿಷಯದಲ್ಲಿ ಆ ಹೊಗಳಿಕೆ ತಪ್ಪು. ದಿನಕ್ಕೆ ಅರ್ಧ ಸೀಸೆ ಇಳಿಸುತ್ತ ಬರುವುದೂ ಭರವಸೆಯ ದಾರಿಯಲ್ಲ, ಏಕೆಂದರೆ ಒಂದು ಸೀಸೆಯಲ್ಲಿರುವಷ್ಟೇ ಪುಡಿ ಇನ್ನೊಂದರಲ್ಲಿ ಇರುವುದಿಲ್ಲ. ಬಿಡುವ ಮುನ್ನವೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ವೈದ್ಯರು ಹೆಚ್ಚು ಕಾಲ ನಿಲ್ಲುವ ಮಾತ್ರೆಯನ್ನು ಅಳತೆಯಲ್ಲಿ ಆರಂಭಿಸಿ, ಬಳಿಕ ಅದನ್ನು ಹಂತಹಂತವಾಗಿ ಇಳಿಸುತ್ತಾರೆ. ವರ್ಷಗಟ್ಟಲೆ ನಿದ್ರೆ ಮಾತ್ರೆ ನುಂಗಿದವರಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ನೂರಕ್ಕೆ 5ರಿಂದ 10ರಷ್ಟು ಮಾತ್ರ ಇಳಿಸಲಾಗುತ್ತದೆ. ನಡುವೆ ಸಾರಾಯಿ, ವಿಸ್ಕಿಗಳಿಂದ ನಡುಕ ಅಡಗಿಸಲು ಹೋದರೆ ಉಸಿರಾಟವೇ ಕುಗ್ಗಬಹುದು. ಬಿಟ್ಟ ಕೆಲ ವಾರಗಳ ನಂತರ ಹಿಂದಿನಷ್ಟೇ ಕುಡಿದರೂ ಅದೇ ಗಂಡಾಂತರ. ದೇಹವು ಆ ಹೊತ್ತಿಗೆ ಹಳೆಯ ಸಹಿಷ್ಣುತೆಯನ್ನು ಕಳೆದುಕೊಂಡಿರುತ್ತದೆ.

ಔಷಧ ನಡೆಯುತ್ತಿರುವಾಗಲೂ ಜೋಮು, ಅದುರುಗಳು ವಾರಗಟ್ಟಲೆ ಬಂದು ಹೋಗುತ್ತಿರುತ್ತವೆ. ಗಾಬರಿಯಿಂದ ಉಸಿರನ್ನು ವೇಗವಾಗಿ ಎಳೆದರೆ ಬೆರಳ ಜೋಮು ಇಮ್ಮಡಿಯಾಗುತ್ತದೆ. ಮೂಗಿನಿಂದ ಎಳೆದು, ಎಳೆದುದಕ್ಕಿಂತ ನಿಧಾನವಾಗಿ ಬಾಯಿಂದ ಬಿಡುವುದನ್ನು ಮನೆಯವರು ಜೊತೆಗೆ ಕುಳಿತು ಮಾಡಿಸಬೇಕು. ಟಿ.ವಿ. ಸದ್ದು ತಗ್ಗಲಿ, ದೀಪ ಮಂದವಾಗಲಿ, ಚಹಾ ಕಡಿಮೆಯಾಗಲಿ. ಬಿಸಿನೀರಲ್ಲಿ ಕಾಲಿಡಿಸುವುದಾದರೆ ಮೊದಲು ನಿಮ್ಮ ಕೈಯದ್ದಿ ನೋಡಿ. ಮರಗಟ್ಟಿದ ಕಾಲಿಗೆ ಸುಟ್ಟದ್ದು ತಿಳಿಯದು. ಟ್ರ್ಯಾಕ್ಟರ್, ಬಾವಿಕಟ್ಟೆ, ಹೊಳೆಯ ದಡ ಈ ದಿನಗಳಲ್ಲಿ ಬೇಡ.

ಫಿಟ್ಸ್ ಬಂದರೆ ರೋಗಿಯನ್ನು ಪಕ್ಕಕ್ಕೆ ಮಲಗಿಸಿ, ತಲೆಯಡಿ ಬಟ್ಟೆಯಿಡಿ. ಕೈಯಲ್ಲಿ ಕಬ್ಬಿಣ, ಮೂಗಿಗೆ ಈರುಳ್ಳಿ, ಬಾಯಿಗೆ ನೀರು ಯಾವುದೂ ಬೇಡ. ಸೇಂದಿ ಬಿಟ್ಟವರಲ್ಲಿ ಒಂದೇ ಫಿಟ್ಸ್ ಬಂದು ನಿಂತರೂ 108ಕ್ಕೆ ಕರೆ ಮಾಡಿ. ಇಲ್ಲದ್ದು ಕಂಡಂತೆ ಮಾತನಾಡುವುದು, ಜ್ವರದೊಡನೆ ತೊದಲುವುದು ಸಹ ತುರ್ತೇ. ದೇಹದ ಒಂದೇ ಬದಿ ಸೋತು ಬಾಯಿ ಸೊಟ್ಟಗಾದರೆ ಅದನ್ನು ಸೇಂದಿಯ ಲೆಕ್ಕಕ್ಕೆ ಹಾಕಬೇಡಿ. ಅದು ಪಾರ್ಶ್ವವಾಯುವಿನ ಗುರುತು.

ಗಡಿಯ ನಮಗೆ ಇನ್ನೊಂದು ತೊಡಕಿದೆ. ಆಸ್ಪತ್ರೆಯ ಮಾತು ತೆಲುಗು. ನಾವು ‘ಮೂರ್ಛೆ ಹೋದರು’ ಎಂದರೆ ಎಚ್ಚರ ತಪ್ಪಿದರೆಂದು ಅರ್ಥ. ತೆಲುಗಿನಲ್ಲಿ ‘ಮೂರ್ಛ’ ಎಂದರೆ ಫಿಟ್ಸ್ ಕಾಯಿಲೆ. ಹಾಗಾಗಿ ಕೈಕಾಲು ಸೆಟೆದು ಒದರಿದ್ದರೆ ‘ಫಿಟ್ಸ್’ ಎಂದೇ ಹೇಳಿ, ಕೇವಲ ಕುಸಿದಿದ್ದರೆ ಹಾಗೆಂದೇ ಬಿಡಿಸಿ ಹೇಳಿ. ಜೋಮಿಗೆ ‘ತಿಮ್ಮಿರಿ’, ನಡುಕಕ್ಕೆ ‘ವಣುಕು’ ಎಂದರೆ ಅವರಿಗೆ ತಿಳಿಯುತ್ತದೆ. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಸೀಸೆ, ಕೊನೆಯದು ಯಾವಾಗ ಎಂಬುದನ್ನು ಚೀಟಿಯಲ್ಲಿ ಬರೆದೊಯ್ಯಿರಿ. ಶಾಲೆಗೆ ಹೋಗುವ ಮಗುವನ್ನೇ ದುಭಾಷಿಯಾಗಿ ನಿಲ್ಲಿಸುವ ರೂಢಿಯಿದೆ. ತಂದೆಯ ಕುಡಿತದ ಲೆಕ್ಕವನ್ನು ಅಪರಿಚಿತರ ಮುಂದೆ ಹೇಳುವ ಹೊರೆ ಆ ಮಗುವಿಗೆ ಬೇಡ. ನೆರೆಯವರನ್ನೋ ಶಾಲೆಯ ಶಿಕ್ಷಕರನ್ನೋ ಕರೆಯಿರಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲೂ ರಾತ್ರಿಯೂ ಉಚಿತವಾಗಿ ಸಲಹೆ ದೊರೆಯುತ್ತದೆ. ಭಾಷೆ ಆಯ್ದುಕೊಳ್ಳುವಾಗ ಕನ್ನಡವನ್ನೂ ಕೇಳಬಹುದು.