ಠಾಕೂರ್‌ಬಾಡಿ: ಬಾಳಿನ ಜೊತೆ ಬೆಳೆದ ಮನೆ

ಕೋಲ್ಕತ್ತದ ರವೀಂದ್ರ ಸರಣಿ ಎಂದರೆ ಹಳೆಯ ಚಿತ್ಪುರ ರಸ್ತೆ. ಜಾತ್ರಾ ನಾಟಕ ಕಂಪನಿಗಳ ಬಣ್ಣದ ಪೋಸ್ಟರು, ತಳ್ಳುಗಾಡಿ, ಹೊರೆಯಾಳುಗಳ ಕೂಗು. ಅಲ್ಲಿಂದ ದ್ವಾರಕಾನಾಥ ಟಾಗೋರ್ ಲೇನಿಗೆ ಹೊರಳಿದರೆ ಕೆಂಪು ಗೋಡೆ, ಹಸಿರು ಕಿಟಕಿಗಳ ಜೋಡಾಸಾಂಕೋ ಠಾಕೂರ್‌ಬಾಡಿ, ಅಂದರೆ ಟಾಗೋರರ ಮನೆ, ಕಾಣುತ್ತದೆ. ಬಂದವರು ರವೀಂದ್ರನಾಥ ಟಾಗೋರರು ಹುಟ್ಟಿದ ಕೋಣೆಗೂ ಕಣ್ಣು ಮುಚ್ಚಿದ ಕೋಣೆಗೂ ಕೈಮುಗಿದು ಹೋಗುತ್ತಾರೆ. ಹಳೆಯ ಮನೆ ತಿದ್ದಿಸುವ ಯೋಚನೆಯಲ್ಲಿರುವವರು ಮಾತ್ರ ಇಲ್ಲಿ ಇನ್ನಷ್ಟು ಹೊತ್ತು ನಿಲ್ಲಬೇಕು. ಒಂದೂವರೆ ಶತಮಾನ ಈ ಕುಟುಂಬದ ಯಾವ ತಲೆಮಾರೂ ಮನೆಯನ್ನು ಇದ್ದಂತೆ ಬಿಡಲಿಲ್ಲ. ಪ್ರತಿ ಸಲವೂ ಮೊದಲು ಬದಲಾದದ್ದು ಮನೆಯವರ ಬದುಕು, ಗಾರೆ ಕೆಲಸ ಆಮೇಲಿನದು.

ಶುರುವಾದದ್ದೇ ಅಣ್ಣತಮ್ಮಂದಿರ ಮನಸ್ತಾಪದಿಂದ. ಪಾಥುರಿಯಾಘಾಟದ ಕೂಡುಮನೆ ಬಿಟ್ಟು ಬಂದ ನೀಲಮಣಿ ಟಾಗೋರ್ 1784ರಲ್ಲಿ ಇಲ್ಲಿ ಮನೆ ಕಟ್ಟಿಸಿದರು. ನಮ್ಮ ತೊಟ್ಟಿ ಮನೆ ಕಂಡವರಿಗೆ ಅದರ ಲೆಕ್ಕಾಚಾರ ತಟ್ಟನೆ ಹೊಳೆಯುತ್ತದೆ. ನಡುವೆ ಅಂಗಳ, ಅದರ ಒಂದು ಮಗ್ಗುಲಿಗೆ ಕಮಾನುಗಳ ಠಾಕೂರ್‌ದಾಲಾನ್, ಅಂದರೆ ದೇವರ ಚಾವಡಿ. ಹೊರಮನೆ ಗಂಡಸರಿಗೆ, ಒಳಮನೆ ಹೆಂಗಸರಿಗೆ.

ನೀಲಮಣಿಯವರ ಮೊಮ್ಮಗ ದ್ವಾರಕಾನಾಥರು ದೊಡ್ಡ ವ್ಯಾಪಾರಿ. ಇಂಗ್ಲಿಷರ ಜೊತೆ ವ್ಯವಹಾರ, ಅವರೊಡನೆ ಒಂದೇ ಮೇಜಿನಲ್ಲಿ ಊಟ. ಮಡಿವಂತ ವೈಷ್ಣವ ಮನೆಯಲ್ಲಿ ಅದು ನಡೆಯುವ ಮಾತಲ್ಲ. 1823ರಲ್ಲಿ ಅವರು ಪಕ್ಕದಲ್ಲೇ ‘ಬೈಠಕ್‌ಖಾನಾ ಬಾಡಿ’ (ಬೈಠಕ್ಕಿನ ಮನೆ) ಕಟ್ಟಿಸಿ ಅತಿಥಿ ಸತ್ಕಾರವನ್ನೆಲ್ಲ ಅಲ್ಲಿಗೆ ಒಯ್ದರು. ಹಳೆಯ ಮನೆ 6ನೇ ನಂಬರು, ಹೊಸದು 5ನೇ ನಂಬರು. ಆದರೂ ಮನೆಯೊಳಗಿನ ಬಿರುಕು ಮುಚ್ಚಲಿಲ್ಲ. ಪತ್ನಿ ದಿಗಂಬರಿ ದೇವಿ ಪಂಡಿತರನ್ನು ಕೇಳಿ, ಗಂಡನ ಸೇವೆಯನ್ನಷ್ಟೇ ಉಳಿಸಿಕೊಂಡು ಸಂಸರ್ಗ ಬಿಟ್ಟರು. ಗಂಡನೊಡನೆ ಮಾತಾಡಬೇಕಾಗಿ ಬಂದಾಗಲೆಲ್ಲ ಗಂಗೆಯ ನೀರಿನಲ್ಲಿ ಮೀಯುತ್ತಿದ್ದರಂತೆ. ಹೊಸ ಕಟ್ಟಡ ಕಟ್ಟಿಸಿ ಮನೆಯ ಜಗಳ ತೀರಿಸುತ್ತೇವೆ ಎನ್ನುವವರು ಈ ದಂಪತಿಯನ್ನು ನೆನೆಯಬೇಕು.

ಮುಂದಿನ ತಲೆಮಾರಿನಲ್ಲಿ ಮಗ ದೇವೇಂದ್ರನಾಥರು 1843ರಲ್ಲಿ ವಿಗ್ರಹಪೂಜೆ ಒಪ್ಪದ ಬ್ರಾಹ್ಮ ಧರ್ಮ ಸ್ವೀಕರಿಸಿದರು. ತಮ್ಮನ ವಿಧವೆ ಜೋಗಮಾಯಾ ದೇವಿ ಕುಲದೈವ ಲಕ್ಷ್ಮೀಜನಾರ್ದನನ ಜೊತೆಗೆ 5ನೇ ನಂಬರಿನ ಮನೆಗೆ ನಡೆದರು. ಸಾಹೇಬರ ಔತಣಕ್ಕೆಂದು ಕಟ್ಟಿದ್ದ ಮನೆಯಲ್ಲಿ ದೇವರ ಪೂಜೆ ಶುರುವಾಯಿತು, ದೇವರಿಗೆಂದು ಕಟ್ಟಿದ್ದ ದಾಲಾನಿನಲ್ಲಿ ವಿಗ್ರಹವಿಲ್ಲದ ಪ್ರಾರ್ಥನೆ. ಒಂದು ಇಟ್ಟಿಗೆಯೂ ಕದಲದೆ ಎರಡೂ ಮನೆಗಳು ಅದಲುಬದಲಾದವು.

ಇದಕ್ಕಿಂತ ಕಷ್ಟದ ಬದಲಾವಣೆ ಒಳಮನೆಯದು. ದೇವೇಂದ್ರನಾಥರ ಎರಡನೆಯ ಮಗ ಸತ್ಯೇಂದ್ರನಾಥರು ಐಸಿಎಸ್ ಸೇರಿದ ಮೊದಲ ಭಾರತೀಯ. 1864ರಲ್ಲಿ ಹೆಂಡತಿ ಜ್ಞಾನದಾನಂದಿನಿಯನ್ನು ಬೊಂಬಾಯಿಗೆ ಕರೆದೊಯ್ಯಲು ಹೊರಟಾಗ, ಮನೆಯ ಸೊಸೆ ಅಂಗಳ ದಾಟಿ ಗಾಡಿ ಹತ್ತುವುದಕ್ಕೆ ಹಿರಿಯರು ಒಪ್ಪಲಿಲ್ಲ. ಮೇನೆಯಲ್ಲೇ ಹಡಗಿನವರೆಗೆ ಹೋಗಬೇಕಾಯಿತು. ಎರಡು ವರ್ಷದ ಮೇಲೆ ಆಕೆ ಹಿಂದಿರುಗಿ ಮುಂಬಾಗಿಲಲ್ಲೇ ಗಾಡಿಯಿಂದಿಳಿದಾಗ ಮನೆಯವರು ಬೆಚ್ಚಿಬಿದ್ದರು. ಇದೇ ಸತ್ಯೇಂದ್ರನಾಥರು ಮುಂದೆ ನಮ್ಮ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. 1883ರಲ್ಲಿ ಅಣ್ಣನ ಬಳಿಗೆ ಬಂದಿದ್ದ ಇಪ್ಪತ್ತೆರಡರ ರವೀಂದ್ರರು ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಆ ಕಡಲ ದಂಡೆಯಲ್ಲಿ. ಕಾರವಾರದ ಕಡಲತೀರಕ್ಕೆ ಇಂದಿಗೂ ಅವರದೇ ಹೆಸರು.

ನನಗೆ ಇಡೀ ಮನೆಯಲ್ಲಿ ಹೆಚ್ಚು ಇಷ್ಟವಾದ ಜಾಗ ತಾರಸಿ. ಮೊದಲು ಅದು ಹೆಂಗಸರು ಮಾಂಬಳ, ಬೇಳೆ ಸಂಡಿಗೆ ಒಣಹಾಕುವ ಬಯಲು, ಅವರಿಗೆ ಆಕಾಶ ಕಾಣುತ್ತಿದ್ದ ಒಂದೇ ಕಡೆ. ರವೀಂದ್ರರ ಅಣ್ಣ ಜ್ಯೋತಿರಿಂದ್ರನಾಥ ಮತ್ತು ಅವರ ಪತ್ನಿ ಕಾದಂಬರಿ ದೇವಿ ಮೂರನೆಯ ಅಂತಸ್ತಿನ ಕೋಣೆಗಳಿಗೆ ಬಂದ ಮೇಲೆ ಅಲ್ಲೊಂದು ಕೈತೋಟ ಎದ್ದಿತು. ಸಾಲಾಗಿ ಎತ್ತರದ ತಾಳೆ ಜಾತಿಯ ಗಿಡಗಳು, ಸುತ್ತ ಜಾಜಿ, ಗಂಧರಾಜ, ಸುಗಂಧರಾಜ, ಕಣಗಿಲೆ, ಸುರುಳಿ ಸುಗಂಧಿ. ಹೆಸರು ‘ನಂದನ ಕಾನನ’. ಸಂಜೆ ಚಾಪೆ ಹಾಸಿ ಒರಗುದಿಂಬು ಇಡುತ್ತಿದ್ದರು. ಬೆಳ್ಳಿ ತಟ್ಟೆಯಲ್ಲಿ ಒದ್ದೆ ಕರವಸ್ತ್ರದ ಮೇಲೆ ಹೂಮಾಲೆ, ಪಕ್ಕದಲ್ಲಿ ತಣ್ಣೀರು, ವೀಳ್ಯ. ಅಣ್ಣ ಪಿಟೀಲು ನುಡಿಸಿದರೆ ತಮ್ಮ ರವಿ ಹಾಡುತ್ತಿದ್ದ. ಹೊಸ ಗೋಡೆಯಿಲ್ಲ, ಹೊಸ ಸೂರಿಲ್ಲ. ಕುಂಡಗಳನ್ನಿಟ್ಟು ಚಾಪೆ ಹಾಸಿದ್ದಷ್ಟಕ್ಕೇ ಒಳಮನೆಯ ಹೆಣ್ಣುಮಗಳೊಬ್ಬಳು ಸಾಹಿತಿಗಳ, ಸಂಗೀತಗಾರರ ನಡುವೆ ಮನೆಯೊಡತಿಯಾಗಿ ಕೂರುವ ಜಾಗ ದೊರೆಯಿತು. ರವೀಂದ್ರರ ಗೀತನಾಟಕ ‘ವಾಲ್ಮೀಕಿ ಪ್ರತಿಭಾ’ 1881ರಲ್ಲಿ ಮೊದಲು ರಂಗವೇರಿದ್ದು ಇದೇ ಮನೆಯಲ್ಲಿ. ರವೀಂದ್ರರು ವಾಲ್ಮೀಕಿ, ಅಣ್ಣನ ಮಗಳು ಪ್ರತಿಭಾ ಸರಸ್ವತಿ. ಮರುವರ್ಷ ‘ಕಾಲಮೃಗಯಾ’ಕ್ಕೆ ತಾರಸಿಯ ಮೇಲೆಯೇ ರಂಗ ಕಟ್ಟಿದರು. ಮನೆ ವಿಸ್ತರಿಸುವುದು ಎಂದರೆ ಇದು ಎಂದು ನಾನು ನಂಬಿದ್ದೇನೆ. ಚದರಡಿ ಹೆಚ್ಚದಿದ್ದರೂ ಮನೆಯಲ್ಲಿ ಜಾಗವಿಲ್ಲದವರಿಗೆ ಜಾಗ ಹುಟ್ಟಬೇಕು.

5ನೇ ನಂಬರಿನಲ್ಲಿ ಇದೇ ಕೆಲಸವನ್ನು ದಕ್ಷಿಣದ ವೆರಾಂಡ ಮಾಡಿತು. ಜೋಗಮಾಯಾ ದೇವಿಯ ಮೊಮ್ಮಕ್ಕಳಾದ ಗಗನೇಂದ್ರನಾಥ, ಸಮರೇಂದ್ರನಾಥ, ಅವನೀಂದ್ರನಾಥ ಮೂವರು ಅಣ್ಣತಮ್ಮಂದಿರೂ ಅಲ್ಲೇ ಕೂರುತ್ತಿದ್ದರು, ಚಿತ್ರ ಬರೆಯುವುದೂ ಅಲ್ಲೇ. ಬಂದವರ ಜೊತೆ ಹರಟೆ, ಮಕ್ಕಳಿಗೆ ಕಥೆ ಎಲ್ಲವೂ ಅಲ್ಲೇ. ಭಾರೀ ವಿಲಾಯತಿ ಕುರ್ಚಿ ಮೇಜುಗಳನ್ನು ಹೊರಗೆ ಹಾಕಿಸಿ, ತಗ್ಗಿನ ದೇಸಿ ಆಸನಗಳನ್ನು ಮಾಡಿಸಿಕೊಂಡರು. ಇತ್ತ 1897ರಲ್ಲಿ ರವೀಂದ್ರರು ತಮ್ಮ ಸಂಸಾರಕ್ಕೆಂದು ‘ಲಾಲ್ ಬಾಡಿ’ (ಕೆಂಪು ಮನೆ) ಕಟ್ಟಿಸಿದರು. ಮುಂದೆ ಅದೇ ‘ವಿಚಿತ್ರಾ’ ಆಗಿ ಕಲೆಗಾರರ, ಬರಹಗಾರರ ಕೂಟದ ಮನೆಯಾಯಿತು. ಕವಿಯ ಕೊನೆಯ ದಿನಗಳಲ್ಲಿ ಹಳೆ ಮನೆ ಮತ್ತೊಮ್ಮೆ ರೂಪ ಬದಲಿಸಿತು: 1941ರ ಜುಲೈ 30ರಂದು ಅವರ ಶಸ್ತ್ರಚಿಕಿತ್ಸೆಗೆ ಅಲ್ಲಿನ ವೆರಾಂಡವೇ ಆಪರೇಷನ್ ಕೋಣೆ. ಆಗಸ್ಟ್ 7ರಂದು ಅವರು ತೀರಿಕೊಂಡರು. 1962ರಲ್ಲಿ ರವೀಂದ್ರ ಭಾರತಿ ವಿಶ್ವವಿದ್ಯಾಲಯ ಇಲ್ಲೇ ತೆರೆಯಿತು. 5ನೇ ನಂಬರಿನ ಮನೆ ಪರರ ಪಾಲಾಗಿ ನೆಲಸಮವಾಗಿತ್ತು, ಅದರ ದಕ್ಷಿಣದ ವೆರಾಂಡ ಈಗ ನೆನಪಿನ ಬರಹಗಳಲ್ಲಷ್ಟೇ ಇದೆ.

ಇಂದಿನ ಕೋಲ್ಕತ್ತದಲ್ಲಿ ಭವಾನೀಪುರ, ಬಾಗಬಜಾರ್ ಎಲ್ಲಿ ನೋಡಿದರೂ ಇದೇ ನೆಲಸಮ ನಡೆಯುತ್ತಿದೆ. ಮಕ್ಕಳು ಹೊರದೇಶದಲ್ಲಿ, ಪಾಲುದಾರರು ಹಲವರು. ಬಿಲ್ಡರ್ ಬಂದು ಮನೆ ಕೆಡವಿ, ತಲೆಗೊಂದು ಫ್ಲ್ಯಾಟ್ ಕೊಡುತ್ತಾನೆ. ರೆಡ್ ಆಕ್ಸೈಡ್ ನೆಲ, ಕಪ್ಪು ಅಂಚು, ಓರೆಪಟ್ಟಿಗಳ ಹಸಿರು ಕಿಟಕಿ ಒಂದೇ ವಾರದಲ್ಲಿ ಗುಜರಿ ಸೇರುತ್ತವೆ. ಲೇಖಕ ಅಮಿತ್ ಚೌಧುರಿ 2015ರಿಂದ ಇಂಥ ಸಾಮಾನ್ಯ ಮಧ್ಯಮ ವರ್ಗದ ಮನೆಗಳ ಪರವಾಗಿ ದನಿಯೆತ್ತಿದ್ದಾರೆ. ಅವರ ಮಾತಿಗೆ ನನ್ನ ಪೂರ್ತಿ ಸಮ್ಮತಿಯಿದೆ. ಅರಮನೆ ಉಳಿಸಲು ಸರ್ಕಾರ ಇದೆ, ಇಂಥ ಮನೆಗೆ ಮನೆಯವರೇ ದಿಕ್ಕು.

ಉಳಿಸಿಕೊಂಡು ತಿದ್ದುವುದು ಸಾಧ್ಯ, ಕಟ್ಟಡದ ಗುಣ ಬಲ್ಲವರ ಕೈಯಲ್ಲಿ. ಕೋಲ್ಕತ್ತದ ಹಳೆಯ ಗೋಡೆ ಸುಣ್ಣ-ಸುರ್ಕಿ (ಇಟ್ಟಿಗೆ ಪುಡಿ) ಗಾರೆಯದು. ನಮ್ಮ ಕನ್ನಂಬಾಡಿ ಕಟ್ಟೆಯನ್ನು ನಿಲ್ಲಿಸಿದ್ದೂ ಸುರ್ಕಿಯೇ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಹೊರಗೆ ಹೋಗಲಾರದೆ ಗೋಡೆ ಉಪ್ಪು ಕಾರುತ್ತದೆ, ಸುಣ್ಣದ ಗಾರೆಗೆ ಸುಣ್ಣದ್ದೇ ಹಚ್ಚಬೇಕು. ಸೂರು ತೊಲೆ-ಜಂತೆಯದು. ತೊಲೆಯ ತುದಿ ಗೋಡೆಯೊಳಗೆ ಕೂತಿರುವ ಕಡೆ ನೀರು ಇಳಿಯಿತೋ, ಮರವಾದರೆ ಕೊಳೆಯುತ್ತದೆ, ಕಬ್ಬಿಣವಾದರೆ ತುಕ್ಕು ಹಿಡಿದು ಉಬ್ಬಿ ಗೋಡೆಯನ್ನೇ ಸೀಳುತ್ತದೆ. ಹೀಗಾಗಿ ಹೊಸ ಬಚ್ಚಲು, ಅಡುಗೆಮನೆಗಳನ್ನು ಮಹಡಿಗೊಂದು ಕಡೆ ಚೆಲ್ಲದೆ ಒಂದರ ಮೇಲೊಂದು ಬರುವಂತೆ ಒಂದೇ ಮಗ್ಗುಲಿಗೆ ಇಡುವುದು ವಾಸಿ. ಊರಿನ ನೆಲ ಮೆದು ಜೇಡಿ. ಹಳೆ ಗೋಡೆಯ ಮೇಲೆ ಕಾಂಕ್ರೀಟ್ ಅಂತಸ್ತು ಏರಿಸುವ ಮುಂಚೆ ತಳಪಾಯ ಪರೀಕ್ಷಿಸಬೇಕು, ತಾರಸಿಯಲ್ಲಿ ಕುಂಡ ಜೋಡಿಸುವುದಿದ್ದರೂ ಭಾರದ ಲೆಕ್ಕ ಬೇಕು. ಪಾಲಿಕೆಯ ಪಾರಂಪರಿಕ ಪಟ್ಟಿಯಲ್ಲಿ ಮನೆಯಿದ್ದರೆ ಅದರ ದರ್ಜೆ ನೋಡಿಕೊಂಡೇ ನಕ್ಷೆ ಬರೆಸಬೇಕು. ಗೋಡೆಯ ಕೆಲಸ ಹಚ್ಚಿಕೊಳ್ಳುವುದಾದರೆ ಮಳೆ ಮುಗಿದು ತೇವ ಆರಿದ ನವೆಂಬರಿನ ಮೇಲೆ.